ಪಾಲುಪಟ್ಟಿ ಇಲ್ಲದ ಬಾಳು

1933ರ ಫೆಬ್ರವರಿ 1. ಬರ್ಲಿನ್ ಬಾನುಲಿಯಲ್ಲಿ ಒಬ್ಬ ತರುಣ ಪಾದ್ರಿ ಮಾತನಾಡುತ್ತಿದ್ದರು. ವಯಸ್ಸು ಇನ್ನೂ 27 ತುಂಬಿರಲಿಲ್ಲ. ಹೆಸರು ಡೀಟ್ರಿಶ್ ಬಾನ್‌ಹಾಫರ್. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಕಲಿಸುವ ಅಧ್ಯಾಪಕರು. ಎರಡು ದಿನದ ಹಿಂದಷ್ಟೇ ಹಿಟ್ಲರ್ ಜರ್ಮನಿಯ ಚಾನ್ಸಲರ್ ಆಗಿದ್ದ. ಬಾನ್‌ಹಾಫರ್ ಅಂದು ಎತ್ತಿಕೊಂಡ ವಿಷಯ, ನಾಯಕನೆಂದರೆ ಯಾರು ಎಂಬುದು. ಅವರ ಮಾತಿನ ಸಾರ ಇಷ್ಟು: ನಾಯಕನ ಮೇಲೂ ಒಂದು ಅಧಿಕಾರವಿದೆ. ಅದನ್ನು ಮರೆತು ಜನರಿಂದ ಪೂಜೆ ಮಾಡಿಸಿಕೊಳ್ಳುವ ನಾಯಕ ಜನರನ್ನು ದಾರಿ ತಪ್ಪಿಸುತ್ತಾನೆ. ಭಾಷಣ ಮುಗಿಯುವ ಮೊದಲೇ ಪ್ರಸಾರ ನಿಂತಿತು. ಬೇಕೆಂದೇ ನಿಲ್ಲಿಸಿದರೋ, ಹೊತ್ತು ಮೀರಿತೆಂದು ನಿಲ್ಲಿಸಿದರೋ, ಇಂದಿಗೂ ಚರ್ಚೆ ಇದೆ. ಅಂತೂ ಮಾತಿನ ತುದಿ ಕೇಳುಗರಿಗೆ ತಲುಪಲಿಲ್ಲ.

ಆ ತುದಿಯೇ ಇವತ್ತಿನ ನನ್ನ ವಿಷಯ. ಯೇಸುವೇ ಕರ್ತನು ಎಂದು ಕ್ರೈಸ್ತರು ಹೇಳುತ್ತೇವೆ. ಭಾನುವಾರ ಹಾಡುತ್ತೇವೆ. ದೀಕ್ಷಾಸ್ನಾನದಲ್ಲಿ ಸಭೆಯ ಮುಂದೆ ಒಪ್ಪಿಕೊಂಡಿದ್ದೇವೆ. ಹಾಗಾದರೆ ಅವನು ಎಷ್ಟಕ್ಕೆ ಕರ್ತನು? ಬಾಳಿನ ಒಂದು ಭಾಗಕ್ಕೋ, ಪೂರ್ತಿಗೋ? ಈ ಪ್ರಶ್ನೆಯನ್ನು ಬರಿಯ ಉಪದೇಶದಲ್ಲಿ ಬಿಡಿಸುವುದು ನನಗೆ ಇಷ್ಟವಿಲ್ಲ. ಆ ಪ್ರಶ್ನೆಗೆ ಜೀವದ ಬೆಲೆ ಬಂದ ಒಂದು ಕಾಲವಿತ್ತು. ಅಲ್ಲಿಗೇ ಹೋಗೋಣ.

ಆಗ ಜರ್ಮನಿಯ ಜನಸಂಖ್ಯೆ ಸುಮಾರು ಆರೂವರೆ ಕೋಟಿ. ಅವರಲ್ಲಿ ಪ್ರಾಟೆಸ್ಟಂಟರು ಸುಮಾರು ನಾಲ್ಕು ಕೋಟಿ. ಉಳಿದವರಲ್ಲಿ ಬಹುಪಾಲು ಕಥೋಲಿಕರು. ಲೂಥರ್ ಹುಟ್ಟಿದ ನಾಡು, ಬಾಖ್ ಸಂಗೀತ ರಚಿಸಿದ ನಾಡು. ಬೈಬಲ್ ಇಲ್ಲದ ಮನೆ ಅಪರೂಪ. ಅಂಥ ನಾಡು ಹಿಟ್ಲರನ ಮುಂದೆ ಹೇಗೆ ಬಾಗಿತು?

ಕಾರಣ ಒಂದೇ ಅಲ್ಲ. ಯುದ್ಧದಲ್ಲಿ ಸೋತ ಅವಮಾನವಿತ್ತು, ನಿರುದ್ಯೋಗವಿತ್ತು, ಕಮ್ಯೂನಿಸ್ಟರ ಭಯವಿತ್ತು. ಸಭೆಯ ಒಳಗೂ ಒಂದು ಹಳೆಯ ಅಭ್ಯಾಸವಿತ್ತು. ದೇವರು ಲೋಕವನ್ನು ಎರಡು ಬಗೆಯಲ್ಲಿ ಆಳುತ್ತಾನೆ, ಸುವಾರ್ತೆಯಿಂದ ಒಂದು, ಸರ್ಕಾರದ ಕತ್ತಿಯಿಂದ ಇನ್ನೊಂದು ಎಂದು ಲೂಥರ್ ಕಲಿಸಿದ್ದರು. ಎರಡೂ ದೇವರ ಕೈಯಲ್ಲೇ ಇವೆ ಎಂಬುದು ಅವರ ಅಭಿಪ್ರಾಯ. ನಾಲ್ಕು ಶತಮಾನ ಕಳೆಯುವಷ್ಟರಲ್ಲಿ ಅದು ಒಂದು ಪಾಲುಪಟ್ಟಿಯಾಗಿತ್ತು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ದೇವರ ಕೋಣೆಯನ್ನು ಒಬ್ಬನಿಗೆ ಬಿಟ್ಟು, ಗದ್ದೆ, ತೋಟ, ಕಣಜ, ಬೀಗದ ಕೈ ಎಲ್ಲವನ್ನೂ ಇನ್ನೊಬ್ಬನಿಗೆ ಬರೆದುಕೊಟ್ಟ ಹಾಗೆ. ಆತ್ಮ ಕ್ರಿಸ್ತನಿಗೆ. ಉಳಿದದ್ದೆಲ್ಲ ಅರಸನಿಗೆ. 1918ರ ತನಕ ಆಯಾ ಪ್ರಾಂತದ ಅರಸರೇ ಪ್ರಾಟೆಸ್ಟಂಟ್ ಸಭೆಗಳ ಮೇಲ್ವಿಚಾರಕರೂ ಆಗಿದ್ದರು. ಅರಸರು ಹೋದರು. ಬಾಗುವ ಬೆನ್ನು ಹಾಗೇ ಉಳಿಯಿತು.

ಆ ಜಾಗಕ್ಕೆ ಹಿಟ್ಲರ್ ಬಂದ. ಅವನಿಗೆ ಗದ್ದೆ ತೋಟ ಸಾಲಲಿಲ್ಲ. ದೇವರ ಕೋಣೆಯೂ ಬೇಕಾಯಿತು. 1933ರ ಜುಲೈಯಲ್ಲಿ ಸಭೆಯೊಳಗೆ ಚುನಾವಣೆ ನಡೆಯಿತು. ‘ಜರ್ಮನ್ ಕ್ರೈಸ್ತರು’ ಎಂದು ತಮ್ಮನ್ನು ಕರೆದುಕೊಂಡ ನಾಜಿಪರ ಗುಂಪು ಸುಮಾರು ಮೂರರಲ್ಲಿ ಎರಡು ಪಾಲು ಮತ ಗಳಿಸಿತು. ಯೆಹೂದಿ ಮೂಲದ ಪಾದ್ರಿಗಳು ಸಭೆಯ ಹುದ್ದೆಯಲ್ಲಿ ಇರಬಾರದು ಎಂಬ ನಿಯಮ ಪ್ರಷ್ಯದ ಸಭೆಯಲ್ಲಿ ಬಂತು. ನವೆಂಬರ್‌ನಲ್ಲಿ ಬರ್ಲಿನ್ನಿನ ಕ್ರೀಡಾ ಭವನದಲ್ಲಿ ಆ ಗುಂಪಿನ ಸುಮಾರು 20 ಸಾವಿರ ಜನ ಸೇರಿದರು. ಕ್ರೌಸ ಎಂಬ ಮುಖಂಡ ಎದ್ದು ನಿಂತು, ಹಳೆಯ ಒಡಂಬಡಿಕೆಯನ್ನೇ ಬಿಟ್ಟುಬಿಡೋಣ, ಅದು ಯೆಹೂದಿಗಳ ಪುಸ್ತಕ ಎಂದ. ಚಪ್ಪಾಳೆ ಬಿತ್ತು. ಯೇಸು ಸ್ವತಃ ಯೆಹೂದಿ ಎಂಬುದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ನೆನಪಾಗದಂತೆ ಬದುಕಲು ಕಲಿತಿದ್ದರು.

ಕೇಳುಗರೇ, ಇಷ್ಟು ಹೊತ್ತು ನಾನು ಹೇಳಿದ್ದು ಇದು. ಕ್ರಿಸ್ತನಿಗೆ ಬಾಳಿನ ಒಂದು ಪಾಲನ್ನು ಮಾತ್ರ ಬಿಟ್ಟುಕೊಟ್ಟ ಸಭೆ ಕೊನೆಗೆ ಆ ಪಾಲನ್ನೂ ಕಳೆದುಕೊಳ್ಳುವ ಹಂತಕ್ಕೆ ಬಂತು. ಇನ್ನು ಅದನ್ನು ಎದುರಿಸಿದವರ ಕಡೆಗೆ ಬರೋಣ.

ಮಾರ್ಟಿನ್ ನೀಮೊಲರ್ ಎಂಬ ಪಾದ್ರಿ ಇದ್ದರು. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನೌಕೆಯ ಕಮಾಂಡರ್ ಆಗಿದ್ದವರು. ಮೊದಮೊದಲು ಹಿಟ್ಲರನಿಗೇ ಮತ ಹಾಕಿದ್ದವರು. ಸಭೆಯ ಒಳಗೆ ಜನಾಂಗದ ನಿಯಮ ಬಂದಾಗ ಅವರು ತಿರುಗಿ ನಿಂತರು. ಪಾದ್ರಿಗಳ ಒಕ್ಕೂಟ ಕಟ್ಟಿದರು. ಜರ್ಮನಿಯ ಸುಮಾರು 18 ಸಾವಿರ ಪ್ರಾಟೆಸ್ಟಂಟ್ ಪಾದ್ರಿಗಳಲ್ಲಿ ಸುಮಾರು ಏಳು ಸಾವಿರ ಮಂದಿ ಕೆಲವೇ ತಿಂಗಳಲ್ಲಿ ಅದಕ್ಕೆ ಸೇರಿದರು.

1934ರ ಮೇ ತಿಂಗಳ ಕೊನೆ. ಜರ್ಮನಿಯ ಪಶ್ಚಿಮ ಭಾಗದ ಕೈಗಾರಿಕಾ ಊರು ಬಾರ್ಮೆನ್. ಅಲ್ಲಿನ ಒಂದು ಚರ್ಚಿನಲ್ಲಿ ಸುಮಾರು 140 ಪ್ರತಿನಿಧಿಗಳು ಕೂಡಿದರು. ಲೂಥರನ್ನರು, ರಿಫಾರ್ಮ್ಡ್ ಸಭೆಯವರು, ಎರಡೂ ಕೂಡಿದ ಸಭೆಯವರು. ನೂರಾರು ವರ್ಷ ಒಬ್ಬರ ಪಂಕ್ತಿಯಲ್ಲಿ ಇನ್ನೊಬ್ಬರು ಕೂರದವರು. ಮೂರು ದಿನ ಕೂತು ಆರು ಅಂಶಗಳ ಘೋಷಣೆಯೊಂದನ್ನು ಒಪ್ಪಿದರು. ಕರಡಿನ ಹೆಚ್ಚಿನ ಭಾಗ ಕಾರ್ಲ್ ಬಾರ್ತ್ ಅವರದು. ಸ್ವಿಟ್ಜರ್ಲೆಂಡಿನವರು, ಬಾನ್ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಕರಡು ಬರೆಯಲು ಕೂತದ್ದು ಮೂವರು. ಜತೆಗಿದ್ದ ಇಬ್ಬರು ಲೂಥರನ್ನರು ಮಧ್ಯಾಹ್ನದ ನಿದ್ದೆಗೆ ಹೋದಾಗ ರಿಫಾರ್ಮ್ಡ್ ಸಭೆಯವನಾದ ತಾನೊಬ್ಬನೇ ಗಟ್ಟಿ ಕಾಫಿ ಕುಡಿದು, ಚುಟ್ಟಾ ಸೇದುತ್ತ ಬರೆದು ಮುಗಿಸಿದೆ ಎಂದು ಬಾರ್ತ್ ಆಮೇಲೆ ನಗುತ್ತ ಹೇಳುತ್ತಿದ್ದರು. ಸಭೆಯ ಚರಿತ್ರೆಯಲ್ಲಿ ಮಧ್ಯಾಹ್ನದ ನಿದ್ದೆಯಿಂದ ಆದ ಉಪಕಾರಗಳು ಕಡಿಮೆ. ಇದೊಂದು.

ಆರು ಅಂಶಗಳಲ್ಲಿ ಎರಡನೆಯದು ನಮಗೆ ಮುಖ್ಯ. ನನ್ನ ಮಾತಿನಲ್ಲಿ ಹೇಳುತ್ತೇನೆ. ಯೇಸು ಕ್ರಿಸ್ತನಲ್ಲಿ ದೇವರು ನಮ್ಮ ಪಾಪಗಳನ್ನೆಲ್ಲ ಕ್ಷಮಿಸುತ್ತಾನೆ. ಅದೇ ಕ್ರಿಸ್ತನಲ್ಲಿ ನಮ್ಮ ಇಡೀ ಬಾಳಿನ ಮೇಲೆ ಹಕ್ಕು ಸಾಧಿಸುತ್ತಾನೆ. ಬೇರೆ ಒಡೆಯರಿಗೆ ಸೇರಿದ, ಕ್ರಿಸ್ತನಿಗೆ ಸೇರದ ಕ್ಷೇತ್ರವೊಂದು ನಮ್ಮ ಬಾಳಿನಲ್ಲಿದೆ ಎಂಬ ಬೋಧನೆ ಸುಳ್ಳು. ಇಷ್ಟೇ. ಹಳೆಯ ಪಾಲುಪಟ್ಟಿಯನ್ನು ಹರಿದು ಹಾಕಿದ್ದು ಈ ಮಾತು.

ಇಲ್ಲಿ ಕ್ರಮವನ್ನು ಗಮನಿಸಿ. ಮೊದಲು ಕ್ಷಮೆ, ಆಮೇಲೆ ಹಕ್ಕು. ಹೆದರಿಸಿ ವಶಪಡಿಸಿಕೊಳ್ಳುವ ಒಡೆಯನಲ್ಲ ಅವನು. ಕ್ಷಮೆ ಪಡೆದವನು ಉಳಿದ ಒಡೆಯರಿಂದ ಬಿಡುಗಡೆಯಾಗುತ್ತಾನೆ, ಸಂತೋಷದಿಂದ ಸೇವೆಗೆ ಇಳಿಯುತ್ತಾನೆ ಎಂದೂ ಅದೇ ಅಂಶ ಹೇಳುತ್ತದೆ. ಶರಣಾಗತಿ ಎಂದ ಕೂಡಲೇ ತಲೆ ತಗ್ಗಿಸಿ ಕೂತವನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬಾರ್ಮೆನ್‌ನಲ್ಲಿ ಆದದ್ದು ಬೇರೆ. ಒಬ್ಬನಿಗೆ ಪೂರ್ತಿ ಶರಣಾದವರು ಇನ್ನೊಬ್ಬನ ಮುಂದೆ ನೆಟ್ಟಗೆ ನಿಂತರು.

ಮಾತು ಕೂಡಲೇ ಪರೀಕ್ಷೆಗೆ ಬಂತು. ಸರ್ಕಾರಿ ಸಂಬಳ ಪಡೆಯುವವರೆಲ್ಲ ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಪ್ರಾಧ್ಯಾಪಕ ಬಾರ್ತ್ ಒಂದು ಷರತ್ತು ಹಾಕಿದರು. ಕ್ರೈಸ್ತನಾಗಿ ನನ್ನಿಂದ ಎಷ್ಟು ಸಾಧ್ಯವೋ ಅಷ್ಟು ಮಾತ್ರ ಎಂದು ಸೇರಿಸಿದರೆ ಪ್ರಮಾಣ ಮಾಡುತ್ತೇನೆ ಎಂದರು. ಅಷ್ಟಕ್ಕೇ ಕೆಲಸ ಹೋಯಿತು. 1935ರಲ್ಲಿ ತಾವು ಹುಟ್ಟಿದ ಊರಾದ ಬಾಸೆಲ್‌ಗೆ ಮರಳಿದರು. ನೀಮೊಲರ್‌ರನ್ನು 1937ರಲ್ಲಿ ಬಂಧಿಸಿದರು. ಯುದ್ಧ ಮುಗಿಯುವವರೆಗೆ ಅವರು ಸೆರೆಯಲ್ಲೇ ಇದ್ದರು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಬಾರ್ಮೆನ್ ಘೋಷಣೆಯಲ್ಲಿ ಯೆಹೂದಿಗಳ ಬಗ್ಗೆ ಒಂದೇ ಒಂದು ವಾಕ್ಯವಿಲ್ಲ. ಬಾಳಿನ ಯಾವ ಕ್ಷೇತ್ರವೂ ಕ್ರಿಸ್ತನ ಹೊರಗಿಲ್ಲ ಎಂದವರು, ಪಕ್ಕದ ಬೀದಿಯಲ್ಲಿ ಅಂಗಡಿ ಕಳೆದುಕೊಂಡ, ಕೆಲಸ ಕಳೆದುಕೊಂಡ ನೆರೆಯವನನ್ನು ಹೊರಗೇ ಬಿಟ್ಟರು. ಅದು ತನ್ನ ತಪ್ಪು ಎಂದು ಬಾರ್ತ್ 1967ರಲ್ಲಿ ಒಂದು ಪತ್ರದಲ್ಲಿ ಒಪ್ಪಿಕೊಂಡರು. 1938ರಲ್ಲಿ ಪಾದ್ರಿಗಳೂ ಹಿಟ್ಲರನಿಗೆ ಪ್ರಮಾಣ ಮಾಡಬೇಕೆಂಬ ಆಜ್ಞೆ ಬಂದಾಗ, ಬಾರ್ಮೆನ್ ಘೋಷಣೆಗೆ ಒಪ್ಪಿದ್ದವರಲ್ಲೂ ಬಹಳ ಮಂದಿ ಕೈ ಎತ್ತಿದರು. ಅದೇ ವರ್ಷ ನವೆಂಬರ್‌ನಲ್ಲಿ ಯೆಹೂದಿಗಳ ಮಂದಿರಗಳು ಉರಿದವು. ಹೆಚ್ಚಿನ ಚರ್ಚುಗಳ ಪೀಠಗಳು ಮೌನವಾಗಿದ್ದವು. ಬಾನ್‌ಹಾಫರ್ ತಮ್ಮ ಬೈಬಲ್ಲಿನಲ್ಲಿ 74ನೆಯ ಕೀರ್ತನೆ ತೆರೆದು, ದೇವರ ಮಂದಿರಗಳನ್ನು ಸುಟ್ಟುಬಿಟ್ಟರೆಂಬ ವಚನದ ಪಕ್ಕ ಆ ದಿನದ ತಾರೀಕು ಬರೆದಿಟ್ಟರು.

ಘೋಷಣೆಗೆ ಒಪ್ಪುವುದು ಒಂದು, ಬಾಳುವುದು ಇನ್ನೊಂದು. ಇದು ಎಲ್ಲರಿಗೂ ಗೊತ್ತು. ಆದರೆ ಬಾಳುವುದನ್ನು ಕಲಿಯುವುದು ಹೇಗೆ? ಬಾನ್‌ಹಾಫರ್ ಇದಕ್ಕೆ ಒಂದು ಶಾಲೆಯನ್ನೇ ನಡೆಸಿದರು. ಈಗ ಅಲ್ಲಿಗೆ ಬರುತ್ತೇನೆ.

ಅದಕ್ಕೂ ಮೊದಲು ಅವರು ನಮ್ಮ ದೇಶಕ್ಕೆ ಬರಲು ಹೊರಟಿದ್ದರು. ಯೇಸುವಿನ ಪರ್ವತ ಪ್ರಸಂಗವನ್ನು ಬಾಳಿ ತೋರಿಸುತ್ತಿರುವವರು ಯಾರಾದರೂ ಇದ್ದರೆ ಗಾಂಧೀಜಿ ಎಂದು ಅವರಿಗೆ ಅನಿಸಿತ್ತು. ಪತ್ರ ಬರೆದರು. 1934ರ ನವೆಂಬರ್‌ನಲ್ಲಿ ಬಂದು ಇರಿ ಎಂದು ಗಾಂಧೀಜಿ ಉತ್ತರಿಸಿದರು. ಅಷ್ಟರಲ್ಲಿ ಇನ್ನೊಂದು ಕರೆ ಬಂತು. ನಾಜಿಗಳಿಗೆ ಒಪ್ಪದ ಸಭೆಯ ತರುಣ ಪಾದ್ರಿಗಳನ್ನು ತಯಾರು ಮಾಡಬೇಕಿತ್ತು. ಪ್ರಯಾಣ ನಿಂತುಹೋಯಿತು.

1935ರಲ್ಲಿ ಫಿಂಕನ್‌ವಾಲ್ಡೆ ಎಂಬಲ್ಲಿ ಆ ಶಾಲೆ ನೆಲೆಯಾಯಿತು. ಈಗ ಆ ಜಾಗ ಪೋಲೆಂಡಿನಲ್ಲಿದೆ. ಹಳೆಯ ಮನೆ, ಸುಮಾರು 25 ವಿದ್ಯಾರ್ಥಿಗಳು. ಬೆಳಿಗ್ಗೆ ಪ್ರಾರ್ಥನೆ. ಆಮೇಲೆ ಅರ್ಧ ಗಂಟೆ ಮೌನವಾಗಿ ಬೈಬಲ್ಲಿನ ಒಂದೇ ಭಾಗದ ಧ್ಯಾನ. ಆ ಮೌನವನ್ನು ಹಲವರು ಮೊದಮೊದಲು ಗೊಣಗುತ್ತಲೇ ಸಹಿಸಿಕೊಂಡರು. ಮೇಜಿನ ಟೆನಿಸ್ ಆಟವೂ ಇತ್ತು, ಹಾಡೂ ಇತ್ತು. ಅಲ್ಲಿನ ಒಂದು ನಿಯಮ ಕೇಳಿ. ಸ್ಥಳದಲ್ಲಿ ಇಲ್ಲದವನ ಬಗ್ಗೆ ಅವನ ಬೆನ್ನ ಹಿಂದೆ ಮಾತನಾಡಬಾರದು. ಮಾತನಾಡಿಬಿಟ್ಟರೆ ಅವನಿಗೇ ಹೋಗಿ ತಿಳಿಸಬೇಕು. ಪ್ರಸಂಗಗಳಿಂದ ಕಲಿತದ್ದಕ್ಕೆ ಸರಿಸುಮಾರು ಅಷ್ಟೇ ಈ ನಿಯಮದಿಂದಲೂ ಕಲಿತೆವು ಎಂದು ಅಲ್ಲಿದ್ದವರು ನೆನೆದಿದ್ದಾರೆ. ಒಂದು ದಿನ ಊಟದ ಹೊತ್ತಿನಲ್ಲಿ ಅಡಿಗೆಮನೆಯಿಂದ ಕರೆ ಬಂತು. ಪಾತ್ರೆ ತೊಳೆಯಲು ಯಾರಾದರೂ ಬನ್ನಿ ಎಂದು. ಭಾವೀ ಪಾದ್ರಿಗಳು ಯಾರೂ ಏಳಲಿಲ್ಲ. ಬಾನ್‌ಹಾಫರ್ ಮಾತಾಡದೆ ಎದ್ದುಹೋದರು. ನಾಚಿಕೊಂಡು ಹಿಂದೆ ಓಡಿದವರನ್ನು ಒಳಗೆ ಬಿಡದೆ ಒಬ್ಬರೇ ತೊಳೆದರು.

ನನಗೆ ಇದು ಬಾರ್ಮೆನ್ ಘೋಷಣೆಯಷ್ಟೇ ದೊಡ್ಡದು. ನಾಲಿಗೆಯ ಮೇಲೆ, ಎಂಜಲು ತಟ್ಟೆಯ ಮೇಲೆ ಕ್ರಿಸ್ತನ ಅಧಿಕಾರ ನಡೆಯದಿದ್ದರೆ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಪೊ ಬಾಗಿಲು ಬಡಿದ ದಿನ ಅದು ಎಲ್ಲಿಂದ ಬರಬೇಕು? 1937ರಲ್ಲಿ ಗೆಸ್ಟಪೊ ನಿಜಕ್ಕೂ ಬಂತು. ಶಾಲೆಗೆ ಬೀಗ ಬಿತ್ತು. ಅಲ್ಲಿ ಕಲಿತ ಹಲವರು ಜೈಲಿಗೆ ಹೋದರು. ಅದೇ ವರ್ಷ ಶಿಷ್ಯತ್ವದ ಮೇಲೆ ಬಾನ್‌ಹಾಫರ್ ಬರೆದ ಪುಸ್ತಕ ಹೊರಬಂತು. ಬಾಳನ್ನು ಬದಲಿಸದ, ಪಶ್ಚಾತ್ತಾಪವಿಲ್ಲದೆ ಸಿಗುವ ಕ್ಷಮೆಯನ್ನು ಅವರು ಅದರಲ್ಲಿ ಅಗ್ಗದ ಕೃಪೆ ಎಂದು ಕರೆದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1939ರಲ್ಲಿ ಅವರಿಗೆ ಅಮೆರಿಕದಲ್ಲಿ ನೆಲೆ ಸಿಕ್ಕಿತ್ತು. ಕೆಲವೇ ವಾರದಲ್ಲಿ ಮರಳಿದರು. ಹಿಟ್ಲರನನ್ನು ಕೆಳಗಿಳಿಸುವ ಪಿತೂರಿಯಲ್ಲಿ ಸೇರಿದರು. 1943ರ ಏಪ್ರಿಲ್‌ನಲ್ಲಿ ಸೆರೆ. ಯುದ್ಧ ಮುಗಿಯಲು ತಿಂಗಳೂ ಇಲ್ಲದಿದ್ದಾಗ, 1945ರ ಏಪ್ರಿಲ್ 9ರಂದು ಗಲ್ಲು. ವಯಸ್ಸು 39.

ಇದುವರೆಗೆ ಹೇಳಿದ್ದು ಪಂಡಿತರ ಕತೆ, ಪಾದ್ರಿಗಳ ಕತೆ. ನಾವು ಸಾಮಾನ್ಯರು, ಇದೆಲ್ಲ ನಮಗಲ್ಲ ಎಂದು ನಿಮಗೆ ಅನಿಸಬಹುದು. ಹಾಗಾಗಿ ಒಬ್ಬ ರೈತರ ಕತೆ.

1943ರ ಮೇ ತಿಂಗಳಲ್ಲಿ ಬಾನ್‌ಹಾಫರ್ ಇದ್ದ ಬರ್ಲಿನ್ನಿನ ಟೇಗಲ್ ಸೆರೆಮನೆಗೆ ಇನ್ನೊಬ್ಬ ಕೈದಿಯನ್ನು ತಂದರು. ಫ್ರಾನ್ಸ್ ಯೇಗರ್‌ಸ್ಟೆಟರ್. ಆಸ್ಟ್ರಿಯದ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯವರು. ಕಥೋಲಿಕರು. ಹುಡುಗಾಟದ ಪ್ರಾಯದಲ್ಲಿ ಊರಿಗೆ ಮೊದಲ ಮೋಟಾರ್ ಸೈಕಲ್ ತಂದು ಮೆರೆದವರು. ಮದುವೆಯಾಗದೆ ಒಂದು ಮಗುವಿನ ತಂದೆಯೂ ಆದವರು. 1936ರಲ್ಲಿ ಫ್ರಾನ್ಸಿಸ್ಕಾ ಅವರನ್ನು ಮದುವೆಯಾದ ಮೇಲೆ ನಂಬಿಕೆ ಆಳಕ್ಕೆ ಇಳಿಯಿತು. ಮೂವರು ಹೆಣ್ಣುಮಕ್ಕಳು ಹುಟ್ಟಿದರು. ಹಸು, ಹೊಲ, ಚರ್ಚಿನಲ್ಲಿ ಗಂಟೆ ಬಾರಿಸುವ ಸೇವೆ. ಸಾಧಾರಣ ಬಾಳು.

1938ರಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ಸೇರಿಸಿಕೊಂಡು ಮತ ಕೇಳಿದಾಗ, ಆ ಹಳ್ಳಿಯಲ್ಲಿ ಬೇಡ ಎಂದವರು ಇವರೊಬ್ಬರೇ. ಆಮೇಲೆ ನಾಜಿ ಸರ್ಕಾರ ಕೊಡುತ್ತಿದ್ದ ಕುಟುಂಬ ಭತ್ಯೆಯನ್ನೂ ತೆಗೆದುಕೊಳ್ಳಲಿಲ್ಲ. ಮೂರು ಪುಟ್ಟ ಮಕ್ಕಳ ಮನೆಯಲ್ಲಿ ಆ ಹಣ ಬೇಕಾಗಿತ್ತು. ಒಬ್ಬನ ಕೈಯಿಂದ ಹಣ ತೆಗೆದುಕೊಂಡು ಅವನಿಗೆ ಬೆನ್ನು ತಿರುಗಿಸುವುದು ಕಷ್ಟ ಎಂದು ರೈತನಿಗೆ ಯಾರೂ ಕಲಿಸಿಕೊಡಬೇಕಿಲ್ಲ. 1940ರಲ್ಲಿ ಸೈನ್ಯದ ತರಬೇತಿಗೆ ಕರೆ ಬಂದಾಗ ಹೋಗಿದ್ದರು. ಅಲ್ಲಿ ಕಂಡದ್ದು ಅವರ ಮನಸ್ಸನ್ನು ಗಟ್ಟಿ ಮಾಡಿತು. ಇನ್ನೊಮ್ಮೆ ಕರೆದರೆ ಈ ಅನ್ಯಾಯದ ಯುದ್ಧಕ್ಕೆ ಬಂದೂಕು ಹಿಡಿಯುವುದಿಲ್ಲ ಎಂದು ನಿಶ್ಚಯಿಸಿದರು.

ಊರ ಗುರುಗಳನ್ನು ಕೇಳಿದರು. ಲಿನ್ಸ್ ನಗರದ ಧರ್ಮಾಧ್ಯಕ್ಷರ ಹತ್ತಿರವೂ ಹೋದರು. ಯುದ್ಧದ ಸರಿತಪ್ಪು ತೂಗುವುದು ನಿನ್ನ ಕೆಲಸವಲ್ಲ, ಹೆಂಡತಿ ಮಕ್ಕಳನ್ನು ನೋಡಿಕೋ ಎಂಬರ್ಥದ ಬುದ್ಧಿವಾದವೇ ಸಿಕ್ಕಿತು. ಹೆಂಡತಿಯೂ ಮೊದಲು ಬೇಡವೆಂದರು. ಆಮೇಲೆ ಗಂಡನ ಜತೆ ನಿಂತರು. ಎಲ್ಲರೂ ಬೇಡವೆನ್ನುವಾಗ ತಾನೂ ಸೇರಿದರೆ ಅವರಿಗೆ ಯಾರೂ ಇರುವುದಿಲ್ಲ ಎಂದು ಆಕೆ ತಿಳಿದಿದ್ದರು. ಮತ್ತೆ ಕರೆ ಬಂದಾಗ, 1943ರ ಮಾರ್ಚ್‌ನಲ್ಲಿ ಯೇಗರ್‌ಸ್ಟೆಟರ್ ತಾವೇ ಸೈನ್ಯದ ಠಾಣೆಗೆ ಹೋಗಿ, ಹೋರಾಡುವುದಿಲ್ಲ ಎಂದರು. ಗಾಯಾಳುಗಳ ಶುಶ್ರೂಷೆ ಮಾಡುತ್ತೇನೆ ಎಂದೂ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಸ್ಟ್ 9ರಂದು ತಲೆ ಕಡಿದರು. ಬಾನ್‌ಹಾಫರ್ ಮತ್ತು ಅವರು ಕೆಲವು ತಿಂಗಳು ಒಂದೇ ಸೆರೆಮನೆಯ ಗೋಡೆಗಳ ಒಳಗಿದ್ದರು.

ಇಬ್ಬರ ದಾರಿಯೂ ಒಂದೇ ಅಲ್ಲ. ಒಬ್ಬರು ಸರ್ವಾಧಿಕಾರಿಯನ್ನು ಮುಗಿಸುವ ಪಿತೂರಿಗೆ ಕೈಜೋಡಿಸಿದರು. ಆ ದೋಷ ತಮ್ಮ ತಲೆಯ ಮೇಲಿದೆ ಎಂದು ತಿಳಿದೇ ಮಾಡಿದರು. ಇನ್ನೊಬ್ಬರು ಬಂದೂಕನ್ನೇ ಮುಟ್ಟೆನೆಂದರು. ಯಾರು ಸರಿ ಎಂದು ತೀರ್ಪು ಕೊಡುವ ಹೊತ್ತು ಇದಲ್ಲ. ಆದರೆ ನನಗೆ ರೈತರೇ ಹತ್ತಿರ ಅನಿಸುತ್ತಾರೆ. ಅವರ ಬೆನ್ನಿಗೆ ಪಕ್ಷವಿರಲಿಲ್ಲ, ಪುಸ್ತಕವಿರಲಿಲ್ಲ, ಧರ್ಮಾಧ್ಯಕ್ಷರೂ ಇರಲಿಲ್ಲ. ಫ್ರಾನ್ಸಿಸ್ಕಾ ಅವರನ್ನು ಯುದ್ಧದ ನಂತರವೂ ಊರು ದೂಷಿಸಿತು. ವಿಧವಾ ವೇತನಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. 2007ರಲ್ಲಿ ಲಿನ್ಸ್‌ನ ಮಹಾದೇವಾಲಯದಲ್ಲಿ ಕಥೋಲಿಕ ಸಭೆ ಫ್ರಾನ್ಸ್ ಅವರನ್ನು ಪುನೀತರೆಂದು ಸಾರಿದಾಗ, 94 ವರ್ಷದ ಆ ತಾಯಿ ಅಲ್ಲೇ ಇದ್ದರು.

ಈ ಕತೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಕ್ರಿಸ್ತನಿಗೆ ಶರಣಾಗುವುದೂ ಅವನ ಹೆಸರಿನಲ್ಲಿ ಮಾತನಾಡುವವರಿಗೆ ಶರಣಾಗುವುದೂ ಒಂದೇ ಅಲ್ಲ. ಯಾರ ಮನೆಗೆ ಹೋಗಬೇಕು, ಯಾವ ಔಷಧ ಬಿಡಬೇಕು, ಎಷ್ಟು ಹಣ ಕೊಡಬೇಕು ಎಂದು ಕರ್ತನ ಹೆಸರಿನಲ್ಲಿ ಅಪ್ಪಣೆ ಕೊಡಿಸುವ ಬೋಧಕರು ಇಂದು ನಮ್ಮ ನಡುವೆಯೂ ಇದ್ದಾರೆ. ಶಿಷ್ಯರ ಕಾಲು ತೊಳೆದವನ ಅಧಿಕಾರ ಅದಲ್ಲ. ಅದನ್ನು ಧೈರ್ಯವಾಗಿ ಹೇಳಿ.

ಕೇಳುಗರೇ, ಬಾರ್ತ್ ಮರಳಿದ ಊರು ಬಾಸೆಲ್ ಎಂದೆ. ಆ ಹೆಸರು ನಮ್ಮ ಕರಾವಳಿಗೆ ಹೊಸದಲ್ಲ. ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ, ಬಾರ್ಮೆನ್‌ಗೆ ಸರಿಯಾಗಿ ನೂರು ವರ್ಷ ಮೊದಲು. ಸಭೆಗೆ ಬರುವವರು ಜಾತಿಯನ್ನು ಬಿಟ್ಟು ಬರಬೇಕು ಎಂದು ಅವರು ಪಟ್ಟು ಹಿಡಿದರು. ಜಾತಿ ಬಿಟ್ಟವರಿಗೆ ಊರಿನಲ್ಲಿ ಕಸುಬೂ ತಪ್ಪುತ್ತಿತ್ತು. ಅವರ ಹೊಟ್ಟೆಪಾಡಿಗೆಂದು ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ವಿದೇಶಿ ಮಿಷನ್ನುಗಳ ಬಗ್ಗೆ ಟೀಕೆಗೆ ಬೇಕಾದಷ್ಟು ವಿಷಯವಿದೆ. ಆದರೆ ಪ್ರಾರ್ಥನೆಯ ಜತೆ ಅನ್ನದ ಲೆಕ್ಕವನ್ನೂ ಹಾಕಿದ ಈ ವಿಚಾರವನ್ನು ನಾನು ಮೆಚ್ಚುತ್ತೇನೆ.

ಆದರೆ ಹಾಗೆ ಹೊರಗೆ ಬಿಟ್ಟು ಬಂದ ಜಾತಿಯನ್ನು ನಾವು ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡಿದ್ದೇವೆ. ಕ್ರೈಸ್ತರ ವಧೂವರ ಜಾಹೀರಾತು ಓದಿ ನೋಡಿ. ಸಭೆಯ ಕಮಿಟಿ ಚುನಾವಣೆಯಲ್ಲಿ ಮತ ಯಾವ ಲೆಕ್ಕದಲ್ಲಿ ಬೀಳುತ್ತದೆ ಎಂದು ನಿಮಗೇ ಗೊತ್ತು. ವರದಕ್ಷಿಣೆಗೆ ಉಡುಗೊರೆ ಎಂಬ ಹೆಸರಿಟ್ಟು ಪ್ರಾರ್ಥನೆ ಮಾಡಿ ತೆಗೆದುಕೊಳ್ಳುವವರೂ ಇದ್ದಾರೆ. ಜರ್ಮನಿಯ ಸಭೆ ರಕ್ತ ನೋಡಿ ಪಾದ್ರಿಯನ್ನು ಹೊರಗಿಟ್ಟಿತು ಎಂದು ಕೇಳಿ ಬೇಸರಪಟ್ಟೆವಲ್ಲ, ನಮ್ಮ ಮನೆಯ ಮಾತುಕತೆಯೂ ಅದಕ್ಕಿಂತ ಬಹಳ ದೂರದಲ್ಲಿಲ್ಲ.

ಇಂದು ನಮ್ಮನ್ನು ಯಾರೂ ಟೇಗಲ್‌ಗೆ ಕರೆದೊಯ್ಯುತ್ತಿಲ್ಲ. ನಮ್ಮ ಮುಂದೆ ಇರುವುದು ಮಗನ ಮದುವೆ, ಅಂಗಡಿಯ ತಕ್ಕಡಿ, ತೆರಿಗೆಯ ಲೆಕ್ಕ, ಮನೆಗೆಲಸದವಳ ಸಂಬಳ. ಈ ವರ್ಷ ನಿಮ್ಮ ಮನೆಯಲ್ಲಿ ಮದುವೆಯ ಮಾತು ಎದ್ದರೆ, ಜಾತಿ ಕೇಳುವುದಿಲ್ಲ, ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಗಂಡಿನ ಕಡೆಯವರಾದ ನೀವೇ ಮೊದಲು ಬಾಯಿಬಿಟ್ಟು ಹೇಳಿ. ಹೆಣ್ಣಿನ ಕಡೆಯವರು ಕೇಳುವ ತನಕ ಕಾಯಬೇಡಿ.